ಮುಳ್ಳಿಲ್ಲದ ಅಂಗಳ

ನನ್ನ ತಮ್ಮ ಸಿದ್ದರಾಮಪ್ಪನಿಗೆ ಚಾದರು ಮಾರುವುದು ಗೊತ್ತು, ಮನೆ ಕಟ್ಟಿಸುವುದು ಗೊತ್ತಿಲ್ಲ. ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ ಅಂಗಡಿಯ ಮೇಲೆಯೇ ನಮ್ಮ ಹಳೆಯ ಮನೆ. ಅಲ್ಲಿ ಒಬ್ಬರು ಕೆಮ್ಮಿದರೆ ಮನೆಮಂದಿಗೆಲ್ಲ ಎಚ್ಚರವಾಗುತ್ತಿತ್ತು. ಬರಗಾಲ ಕಳೆದು ವ್ಯಾಪಾರ ಮತ್ತೆ ಕುದುರಿದ ಮೇಲೆ ಅವನು ಅದನ್ನು ಬಿಟ್ಟು ವಿಜಾಪುರ ರಸ್ತೆಯಲ್ಲಿ ಬಂಗಲೆ ಕಟ್ಟಿಸಿದ. ಒಳಗೆ ಮೊಸಾಯಿಕ್ ನೆಲ, ಮೇಲೆ ಗಚ್ಚಿನ ಮಾಳಿಗೆ, ಮುಂದೆ ಕಬ್ಬಿಣದ ಗೇಟು. ಗೇಟಿಗೂ ಬಾಗಿಲಿಗೂ ನಡುವೆ ಮಾತ್ರ ಒಡೆದ ಇಟ್ಟಿಗೆ, ಸುಣ್ಣದ ಹೆಂಟೆ, ಕೆಲಸಗಾರರು ಬಿಟ್ಟುಹೋದ ಹರಕು ಚೀಲ. ತಲೆಗೆ ಜರಿ ರುಮಾಲು ಸುತ್ತಿ ಬರಿಗಾಲಲ್ಲಿ ನಿಂತವನ ಹಾಗಿತ್ತು ಆ ಮನೆ. ನಾನು ಹಾಗೆಂದು ಅವನ ಮುಖದ ಮೇಲೇ ಹೇಳಿದೆ.

ನನ್ನ ಹೆಸರು ತುಳಜಾಬಾಯಿ. ಸಿದ್ದರಾಮಪ್ಪನಿಗೆ ನಾನು ಹಿರಿಯ ಅಕ್ಕ. ನನ್ನನ್ನು ಅಕ್ಕಲಕೋಟೆಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಾಗಿರಲಿಲ್ಲ, ತಮ್ಮ ಬಂದು ಕರೆದುಕೊಂಡು ಹೋದ. ಅಂದಿನಿಂದ ಅವನ ಮನೆಯೇ ನನ್ನ ಮನೆ. ಅಲ್ಲಿ ಎಲ್ಲರೂ ನನ್ನನ್ನು ಆತ್ಯಾ ಅನ್ನುತ್ತಿದ್ದರು. ಅತ್ತೆಯನ್ನು ನಮ್ಮ ಕಡೆ ಮರಾಠಿಯಲ್ಲಿ ಕರೆದುಬಿಡುವುದೇ ರೂಢಿ. ನನ್ನ ಬಾಯಿ ಜೋರು ಅಂತ ಹೆಸರು. ಬಾಯಿ ಬಿಟ್ಟರೆ ನನ್ನ ಹತ್ತಿರ ಬೇರೆ ಏನಿತ್ತು ಹೇಳಿ.

ಆ ವರ್ಷ, ಅಂದರೆ ಎಪ್ಪತ್ನಾಲ್ಕರಲ್ಲಿ, ತಮ್ಮನ ಸೊಸೆ ದ್ರೌಪದಿ ಮತ್ತೆ ಬಸುರಿಯಾಗಿದ್ದಳು. ಮೊದಲನೆಯದು ಮೂರು ತಿಂಗಳಿಗೇ ಇಳಿದುಹೋಗಿತ್ತು. ಎರಡನೆಯದು ದಿನ ತುಂಬಲು ಸ್ವಲ್ಪವೇ ಇದ್ದಾಗ ಹೊಟ್ಟೆಯಲ್ಲೇ ಸುಮ್ಮನಾಯಿತು. ದ್ರೌಪದಿ ನಾಗಣಸೂರಿನ ಹೊಲಮನೆಯವರ ಮಗಳು. ಜೋಳದ ರಾಶಿಯ ನಡುವೆ ಬೆಳೆದ ಗಟ್ಟಿ ಹುಡುಗಿ. ಎರಡನೆಯ ಸಲ ಆದ ಮೇಲೆ ಅವಳು ಮಾತು ಕಡಿಮೆ ಮಾಡಿದಳು, ಯಾವುದನ್ನೂ ಬೇಕು ಅನ್ನುವುದನ್ನು ಬಿಟ್ಟೇಬಿಟ್ಟಳು. ಗಂಡ ಸಾತಲಿಂಗ ಒಳ್ಳೆಯವನು. ಆದರೆ ಅಂಗಡಿಯಿಂದ ಬಂದವನು ಹೆಂಡತಿಯ ಮುಖ ನೋಡುವುದಕ್ಕೂ ಹೆದರುತ್ತಿದ್ದ.

ನನ್ನ ತಮ್ಮನ ಹೆಂಡತಿ ಕಸ್ತೂರಬಾಯಿಯ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕೂಸು ಹುಟ್ಟಿ ಹೊಕ್ಕಳ ಬಳ್ಳಿ ಬೀಳುವ ತನಕ ಅದಕ್ಕಾಗಿ ಏನೂ ತಯಾರಿ ಮಾಡುವ ಹಾಗಿಲ್ಲ. ಅಟ್ಟದ ಮೇಲಿನ ತೊಟ್ಟಿಲು ಇಳಿಸಬಾರದು. ಕುಲಾವಿ ಹೊಲಿಯಲು ಸೂಜಿಗೆ ದಾರ ಪೋಣಿಸಬಾರದು. ಹೆಸರಿನ ಸುದ್ದಿ ಎತ್ತಬಾರದು. ಎಷ್ಟು ತಿಂಗಳು ಅಂತ ಯಾರಾದರೂ ಕೇಳಿದರೆ ಕಸ್ತೂರಬಾಯಿ ಮಾತು ತಿರುಗಿಸುತ್ತಿದ್ದಳು. ಇಂಥ ಪದ್ಧತಿ ನಮ್ಮಲ್ಲಿ ಬೇರೆ ಮನೆಗಳಲ್ಲೂ ಉಂಟು, ಆದರೆ ಇವಳಲ್ಲಿ ಅದು ಹೆದರಿಕೆಯೇ ಆಗಿ ಕೂತಿತ್ತು. ಅದಕ್ಕೆ ಕಾರಣವೂ ಇತ್ತು. ಅವಳ ಚೊಚ್ಚಲ ಕೂಸಿಗೆ ಅವಳ ತಾಯಿ ಮುಂಚೆಯೇ ಬೆಳ್ಳಿಯ ಕಡಗ ಮಾಡಿಸಿಟ್ಟಿದ್ದಳು. ಕೂಸು ಬಂತು, ಕಡಗ ತೊಡಿಸುವ ಮುಂಚೆ ಹೋಯಿತು. ಅದಾದ ಮೇಲೆ ಏನೊಂದೂ ಮಾಡಿಡದೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಎತ್ತಿಕೊಂಡ ಸಾತಲಿಂಗ ಬದುಕಿ ಉಳಿದ. ಇನ್ನು ಅವಳಿಗೆ ಬುದ್ಧಿ ಹೇಳುವವರು ಯಾರು. ನಾನು ಎಲ್ಲರನ್ನೂ ಅಂದು ಆಡಿದವಳು, ಈ ಒಂದು ವಿಷಯದಲ್ಲಿ ಅವಳನ್ನು ಯಾವತ್ತೂ ಕೆಣಕಲಿಲ್ಲ.

ಮೃಗಶಿರ ಮಳೆ ಸುರಿಯುವ ಹೊತ್ತಿಗೆ ಅಂಗಳಕ್ಕೆ ಏನಾದರೂ ಹಚ್ಚಿಸಬೇಕು ಅನ್ನುವ ಮಾತು ಬಂತು. ಕಸ್ತೂರಬಾಯಿಗೆ ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ ಬೇಕು, ಕಿಟಕಿಗೆ ಮಲ್ಲಿಗೆ, ದಾರಿಯ ಎರಡೂ ಕಡೆ ಗುಲಾಬಿ, ಪೂಜೆಗೆ ಕೆಂಪು ಕಣಗಲ. ಪುಣೆಯಲ್ಲಿ ಯಾರದೋ ಮನೆಯಲ್ಲಿ ನೋಡಿ ಬಂದಿದ್ದಳು. ಅವತ್ತು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ದ್ರೌಪದಿ ಹತ್ತಿರ ಬಂದು ಕೂತಳು. ಮೊರದಿಂದ ಒಂದೆರಡು ಕಲ್ಲು ಆರಿಸಿ ತೆಗೆದು, ಗಿಡ ತಾನು ಆರಿಸಬಹುದೇ ಅಂತ ಕೇಳಿದಳು. ವರ್ಷದ ಮೇಲೆ ಆ ಹುಡುಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಮೊರ ಬಿಟ್ಟು ಎದ್ದು ಹೋಗಿ ಕಸ್ತೂರಬಾಯಿಗೆ ಹೇಳಿದೆ: ರೈತರ ಮಗಳು, ಮಣ್ಣು ಬಲ್ಲವಳು, ನಿನ್ನ ಪುಣೆಯವರಿಗಿಂತ ಹೆಚ್ಚು ತಿಳಿದಿದ್ದಾಳೆ, ಅವಳೇ ಆರಿಸಲಿ. ನನ್ನ ಬಾಯಿಗೆ ಹೆದರಿಯೋ, ಸೊಸೆಯ ಮುಖದಲ್ಲಿ ಸ್ವಲ್ಪ ಕಳೆ ಕಂಡೋ, ಅವಳು ಹೂಂ ಅಂದಳು.

ನಾವಿಬ್ಬರೂ ಟಾಂಗಾ ಮಾಡಿಕೊಂಡು ಕಂಬರ ತಲಾವು ಅನ್ನುವ ಕೆರೆಯ ಆಚೆ ಒಂದು ನರ್ಸರಿಗೆ ಹೋದೆವು. ನರ್ಸರಿಯವನು ಬಲು ಮಾತಿನವನು. ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಒಂದೊಂದು ಗಿಡವನ್ನೂ ಮದುವೆಯ ಹೆಣ್ಣಿನ ಹಾಗೆ ಹೊಗಳಿದ. ಮೊದಲು ಗುಲಾಬಿಯ ಕಡೆ ಕರೆದುಕೊಂಡು ಹೋದ. ದ್ರೌಪದಿ ಒಂದು ಕೊಂಬೆಯ ಮೇಲೆ ಬೆರಳು ಎಳೆದು, ತಲೆ ಅಲ್ಲಾಡಿಸಿ ಮುಂದೆ ನಡೆದಳು. ಕಾಗದದ ಹೂವಿನ ಬಳ್ಳಿಗೂ ಮುಳ್ಳು ಅಂತ ಬೇಡವೆಂದಳು. ಬಣ್ಣಬಣ್ಣದ ಕ್ರೋಟನ್ ಚೆನ್ನಾಗಿತ್ತು. ನನಗೇ ಮನಸ್ಸಾಯಿತು. ಅವಳು ಅದರ ಒಂದು ಎಲೆ ಮುರಿದು, ಒಸರಿದ ರಸವನ್ನು ಮಣಿಕಟ್ಟಿನ ಒಳಗಡೆ ಹಚ್ಚಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಅದನ್ನೂ ಬಿಟ್ಟಳು. ಕಣಗಲದ ಹತ್ತಿರ ಹೋಗಲೇ ಇಲ್ಲ, ಅದರಲ್ಲಿ ವಿಷ ಇರುವುದು ನಾಗಣಸೂರಿನಲ್ಲಿ ದನ ಕಾಯುವವರಿಗೂ ಗೊತ್ತು. ಮಲ್ಲಿಗೆಯ ವಾಸನೆಗೆ ಹಾವು ಬರುತ್ತದೆ ಅಂದಳು. ಇಷ್ಟೆಲ್ಲ ಬೇಡ ಅನ್ನುವವಳು ನರ್ಸರಿಗೆ ಯಾಕೆ ಬಂದಳು ಅಂತ ನನಗೆ ರೇಗಿತು. ಏನಾದರೂ ಅನ್ನಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಚೆಂಡು ಹೂವಿನ ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಸುರಿ ಹೊಟ್ಟೆ, ಕೂರುವುದೇ ಕಷ್ಟ. ಅದು ಸಾಲದು ಅಂತ ಒಂದು ಕೈ ನೆಲಕ್ಕೆ ಊರಿ ಇನ್ನೂ ಬಗ್ಗಿದಳು. ಗಲ್ಲ ಮೊಣಕಾಲಿನ ಮಟ್ಟಕ್ಕೆ ಬಂತು. ಹಾಗೇ ಹೂಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ದೊಡ್ಡವರು ಗಿಡವನ್ನು ಹಾಗೆ ನೋಡುವುದಿಲ್ಲ. ಅಂಬೆಗಾಲಿಡುವ ಕೂಸಿಗೆ ಯಾವ ಹೂವು ಕಣ್ಣಿಗೆ ಬೀಳುತ್ತದೆ, ಯಾವುದು ಕೈಗೆ ಸಿಗುತ್ತದೆ, ಯಾವುದು ಬಾಯಿಗೆ ಹೋಗುತ್ತದೆ ಅಂತ ಆಕೆ ನೋಡುತ್ತಿದ್ದಳು. ಕುಲಾವಿ ಹೊಲಿಯುವ ಹಾಗಿಲ್ಲ, ತೊಟ್ಟಿಲು ಇಳಿಸುವ ಹಾಗಿಲ್ಲ. ಗಿಡ ಹಚ್ಚಬಾರದು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನನ್ನ ಬಾಯಿ ಅಲ್ಲಿಗೇ ಮುಚ್ಚಿತು. ಗೊತ್ತಾಯಿತು ಅಂತ ಹೇಳಿದರೆ ಅದು ತಯಾರಿ ಆಗಿಬಿಡುತ್ತದೆ, ಹೇಳದಿದ್ದರೆ ಬರೀ ಗಿಡ. ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನರ್ಸರಿಯವನನ್ನು ಕರೆದು, ಅವಳು ತೋರಿಸಿದ್ದನ್ನೆಲ್ಲ ಕಟ್ಟಿಕೊಡು ಅಂದೆ. ಕೆಂಪು ಅಂಚಿನ, ರಸ ಒಸರದ ಬಣ್ಣದೆಲೆಯ ಗಿಡಗಳು, ಚೆಂಡು ಹೂವು, ಝೀನಿಯಾ, ಕೋಳಿಜುಟ್ಟು, ಬಟನ್ ಹೂವು, ನೆಲಕ್ಕೆ ಅಂಟಿಕೊಂಡು ಬಿಸಿಲಿಗೆ ಅರಳುವ ಸಣ್ಣ ಹೂವು, ಗೋಡೆಯ ಹತ್ತಿರಕ್ಕೆ ಅಗಲ ಎಲೆಯ ಕರ್ದಳಿ, ಒಂದು ದಾಸವಾಳ. ನಡುವೆ ಹರಡಲು ಕರಿಕೆ ಹುಲ್ಲು. ಟಾಂಗಾದಲ್ಲಿ ಸಸಿಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಬರುವಾಗ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ನಾಗಣಸೂರಿನ ಬಾವಿಯ ದಂಡೆಯ ಮೇಲಿನ ಮಾವಿನ ಮರದ ಸುದ್ದಿ ಹೇಳಿದಳು. ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಗುಲಾಬಿಯೂ ಇಲ್ಲ, ಕಣಗಲವೂ ಇಲ್ಲ ಅಂತ ಕಸ್ತೂರಬಾಯಿ ಮೂಗು ಮುರಿದಳು. ಆದರೆ ಶ್ರಾವಣ ಕಳೆಯುವ ಹೊತ್ತಿಗೆ ಅಂಗಳ ತುಂಬಿಕೊಂಡಿತು. ರಸ್ತೆಯಲ್ಲಿ ಹೋಗುವವರು ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ನನ್ನ ತಮ್ಮ ಆ ಹೊಗಳಿಕೆಯನ್ನೆಲ್ಲ ತಾನೇ ಗಳಿಸಿದವನ ಹಾಗೆ ಮೀಸೆ ತೀಡುತ್ತಿದ್ದ. ನಡುವಿನ ಹುಲ್ಲು ಹಾಕಿಸುವ ಮುಂಚೆ ದ್ರೌಪದಿ ಮಣ್ಣನ್ನು ಜರಡಿ ಹಿಡಿಸಿ ಹರಳು, ಗಾಜಿನ ಚೂರು ಎಲ್ಲ ಆರಿಸಿ ತೆಗೆಸಿದ್ದಳು. ಬೆಳಿಗ್ಗೆ ತಾನೇ ತಂಬಿಗೆ ಹಿಡಿದು ನೀರು ಹಾಕುತ್ತಿದ್ದಳು. ಒಮ್ಮೆ ನಾನು ಚೇಷ್ಟೆಗೆ, ಒಂದು ಮುಳ್ಳೂ ಇಲ್ಲದ ತೋಟ, ದನ ನುಗ್ಗಿದರೆ ಏನು ಗತಿ ಅಂದೆ.

"ಗೇಟ್ ಅದ ಅಲ್ರೀ ಆತ್ಯಾ," ಅಂದಳು.

ಹೇಳಿ ನನ್ನ ಕಡೆ ನೋಡಿದಳು. ನನಗೆ ಗೊತ್ತು ಅನ್ನುವುದು ಅವಳಿಗೂ ಗೊತ್ತಾಗಿತ್ತು. ಇಬ್ಬರೂ ನಗಲಿಲ್ಲ, ಆದರೆ ಆ ಇಡೀ ದಿನ ನನಗೆ ಒಳಗೊಳಗೇ ಸಂತೋಷವಾಗಿತ್ತು. ಮಕ್ಕಳಿಲ್ಲದ ನನಗೆ ಒಂದು ಕೂಸಿನ ಗುಟ್ಟಿನಲ್ಲಿ ಪಾಲು ಸಿಕ್ಕಿತ್ತು. ಅದನ್ನು ನಾನು ಯಾರಿಗೂ ಕೊಡಲು ತಯಾರಿರಲಿಲ್ಲ.

ಸೀಗೆ ಹುಣ್ಣಿಮೆಯ ಮಾರನೆಯ ದಿನ ಅವಳಿಗೆ ಬೇನೆ ಶುರುವಾಯಿತು. ದವಾಖಾನೆ ಹತ್ತಿರ ಇರಲಿ ಅಂತ ಈ ಸಲ ತವರಿಗೆ ಕಳಿಸದೆ ಸೊಲ್ಲಾಪುರದಲ್ಲೇ ಇಟ್ಟುಕೊಂಡಿದ್ದರು. ಗಂಡು ಕೂಸು. ಅತ್ತಿತು. ಅದರ ಅಳುವನ್ನು ನಾನು ಹೊರಗಿನ ಬೆಂಚಿನ ಮೇಲೆ ಕೂತು ನನ್ನ ಕಿವಿಯಾರೆ ಕೇಳಿದೆ. ಸಂಜೆಯ ಹೊತ್ತಿಗೆ ಉಸಿರು ಎಳೆಯಲು ಒದ್ದಾಡಿತು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿಯಿತು.

ಕೂಸನ್ನು ಸುತ್ತಲು ಬಟ್ಟೆಯೇ ಇರಲಿಲ್ಲ. ಏನೂ ತಯಾರಿ ಮಾಡಿರಲಿಲ್ಲವಲ್ಲ. ಸಾತಲಿಂಗ ಅಂಗಡಿಗೆ ಓಡಿಹೋಗಿ ಒಂದು ಹೊಸ ಟವೆಲು ತಂದ. ಅದರ ತುದಿಗೆ ಅಂಟಿಸಿದ್ದ ಅಂಗಡಿಯ ಚೀಟಿ ಕೀಳಲು ಅವನಿಂದ ಆಗಲಿಲ್ಲ. ನಾನೇ ಕಿತ್ತುಕೊಟ್ಟೆ. ಗಂಡಸರು ಕೂಸನ್ನು ಮಣ್ಣು ಮಾಡಲು ತೆಗೆದುಕೊಂಡು ಹೋದರು. ಎಲ್ಲಿ ಅಂತ ದ್ರೌಪದಿಗೆ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಅವಳನ್ನು ಮನೆಗೆ ತಂದಾಗ ಅಂಗಳ ಪೂರ್ತಿ ಅರಳಿ ನಿಂತಿತ್ತು. ಹಳದಿ, ಕೆಂಪು, ಕೇಸರಿ. ಅಷ್ಟು ಬಣ್ಣವನ್ನು ನೋಡಲಾರದೆ ನಾನೇ ಕಣ್ಣು ಮುಚ್ಚಿಕೊಂಡೆ. ದ್ರೌಪದಿ ಮಾತ್ರ ಗೇಟಿನಲ್ಲಿ ನಿಂತು ಪೂರ್ತಿ ನೋಡಿ ಒಳಗೆ ಹೋದಳು. ಆಮೇಲೆ ಆ ಕಡೆಯ ಕಿಟಕಿ ತೆಗೆಯಲು ಬಿಡಲಿಲ್ಲ.

ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಅವಳ ತಲೆ ಬಾಚುತ್ತಿದ್ದೆ. ಬೆನ್ನು ಮಾಡಿ ಕೂತವಳು ಮೆಲ್ಲಗೆ ಕೇಳಿದಳು.

"ಆತ್ಯಾ, ಗಿಡಾ ಹಚ್ಚೂದು ತಯಾರಿ ಆಗತದೇನ್ರಿ?"

ಇಲ್ಲವೆಂದೆ. ಹುಚ್ಚಿಯ ಹಾಗೆ ಮಾತಾಡಬೇಡ, ಗಿಡವೇ ಬೇರೆ ಕೂಸೇ ಬೇರೆ ಅಂತ ಬೈದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹಿತ್ತಿಲಿನಲ್ಲಿ ಮನೆ ಕಟ್ಟಿಸುವಾಗ ತೋಡಿಸಿದ ಬಾವಿಯಲ್ಲಿ ಈಗ ಎಷ್ಟು ನೀರಿದೆ ಅಂತ ಕೇಳಿದಳು. ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಅದೇ ಸಂಜೆ, ಬೆಕ್ಕು ಬೀಳುತ್ತದೆ ಅಂತ ಏನೋ ನೆಪ ಹೇಳಿ ತಮ್ಮನಿಂದ ಆ ಬಾವಿಗೆ ತಗಡು ಮುಚ್ಚಿಸಿದೆ, ಮೇಲೆ ಕಲ್ಲು ಹೇರಿಸಿದೆ. ಅಂದಿನಿಂದ ನಾನು ಅವಳ ಕೋಣೆಯ ಬಾಗಿಲಿಗೇ ಹಾಸಿಗೆ ಹಾಕಿಕೊಂಡೆ. ಕೂಸಿನ ಸಾವು ತನ್ನಿಂದಲೇ ಆಯಿತು ಅಂತ ಆ ಹುಡುಗಿ ಒಳಗೇ ತೀರ್ಮಾನ ಮಾಡಿಕೊಳ್ಳುತ್ತಿದ್ದಳು. ಅದನ್ನು ಇನ್ನೊಬ್ಬರು ಒಂದು ಸಲ ಬಾಯಿಬಿಟ್ಟು ಹೇಳಿದರೆ ಇವಳು ಉಳಿಯುವುದಿಲ್ಲ ಅಂತ ನನಗೆ ಖಂಡಿತ ಅನಿಸಿತು.

ಹೇಳುವ ಕಾಲವೂ ಬಂತು. ಚಾಟಿ ಗಲ್ಲಿಯ ಹಳೆಯ ನೆರೆಯವಳು ಕಲ್ಯಾಣಮ್ಮ ಮಾತಾಡಿಸಿಕೊಂಡು ಹೋಗಲು ಬಂದಿದ್ದಳು. ಅತ್ತು, ಕರೆದು, ಚಹಾ ಕುಡಿದು ಹೊರಟಳು. ಕಸ್ತೂರಬಾಯಿ ಗೇಟಿನವರೆಗೆ ಕಳಿಸಲು ಹೋದಳು, ನಾನು ಮೆಟ್ಟಿಲ ಮೇಲಿದ್ದೆ. ಕಲ್ಯಾಣಮ್ಮ ಕೆಟ್ಟ ಹೆಂಗಸಲ್ಲ. ಹೋಗುವಾಗ ಏನಾದರೂ ಒಳ್ಳೆಯ ಮಾತು ಆಡಬೇಕು ಅಂತ ಅಂಗಳ ನೋಡಿ, ಎಷ್ಟು ಚೆನ್ನಾಗಿ ಬೆಳೆದಿದೆ, ಒಂದು ಮುಳ್ಳಿಲ್ಲ, ವಿಷದ ಗಿಡವಿಲ್ಲ, ಕೂಸು ಆಡಲೆಂದೇ ಮಾಡಿದ ಹಾಗಿದೆ ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಬೇಗ ಬೇಗ ಗೇಟು ದಾಟಿದಳು.

ಕಸ್ತೂರಬಾಯಿ ಅಲ್ಲೇ ನಿಂತಳು. ಆಮೇಲೆ ಬರಿಗಾಲಲ್ಲಿ ಪಾತಿಯೊಳಗೆ ಇಳಿದಳು. ಒಂದೊಂದು ಗಿಡದ ಕಾಂಡವನ್ನೂ ಮುಟ್ಟಿ ನೋಡಿದಳು. ಹುಲ್ಲಿನ ಮೇಲೆ ಅಂಗಾಲು ಉಜ್ಜಿದಳು, ಒಂದು ಹರಳೂ ಸಿಗಲಿಲ್ಲ. ಅವಳ ಮುಖದಲ್ಲಿ ತಿಳಿಯುತ್ತ ಬಂದದ್ದು ನನಗೆ ಮೆಟ್ಟಿಲ ಮೇಲಿಂದಲೇ ಕಂಡಿತು.

ಒಳಗೆ ಪಡಸಾಲೆಯಲ್ಲಿ ತಮ್ಮನೂ ಸಾತಲಿಂಗನೂ ಕೂತಿದ್ದರು. ದ್ರೌಪದಿ ಒಳಕೋಣೆಯಲ್ಲಿ ಮಲಗಿದ್ದಳು, ಬಾಗಿಲು ತೆರೆದಿತ್ತು. ಕಸ್ತೂರಬಾಯಿ ಮಣ್ಣಿನ ಕಾಲಲ್ಲೇ ಬಂದು ನಡುವೆ ನಿಂತಳು.

"ಈ ಗಿಡಾ ಯಾರು ಆರಿಸಿದ್ರು?"

ಇಬ್ಬರು ಗಂಡಸರ ಕಣ್ಣೂ ಒಳಕೋಣೆಯ ಕಡೆ ಹೋಯಿತು. ನಾನು ಅವರಿಗಿಂತ ಮುಂಚೆ ಬಾಯಿ ತೆಗೆದೆ.

"ನಾ ಆರಿಸಿದೆ."

"ದ್ರೌಪದಿ ಆರಿಸತಾಳ ಅಂತ ನೀವ ಹೇಳಿದ್ರಿ, ಅಕ್ಕಾರ."

"ಆಕಿ ಆರಿಸಾಕ ಬಂದಿದ್ಲು. ಗುಲಾಬಿ ಬೇಕಂದ್ಲು, ಮಲ್ಲಿಗಿ ಬೇಕಂದ್ಲು. ಅತ್ತಿಯವರ ಪೂಜಿಗೆ ಕಣಗಲ ತಗೋಳೋಣು ಅಂದ್ಲು. ನಾನ ಬ್ಯಾಡ ಅಂದೆ. ಕೂಸು ಆಡೂ ಮುಂದ ಮುಳ್ಳು ಚುಚ್ಚಬಾರದು ಅಂತ ಒಂದೊಂದ ನೋಡಿ ನಾನ ತಗೊಂಡೆ. ಆಕಿಗೆ ಏನೂ ಗೊತ್ತಿದ್ದಿಲ್ಲ."

ಕಸ್ತೂರಬಾಯಿ ಕೂಗಾಡುತ್ತಾಳೆ ಅಂತ ನಾನು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವಳು ಕೂಗಲಿಲ್ಲ. ಗೋಡೆ ಹಿಡಿದು ಕೆಳಗೆ ಕೂತಳು.

"ನನ್ನ ಹಿರೇ ಕೂಸಿನ ಸುದ್ದಿ ನಿಮಗ ಗೊತ್ತಿತ್ತು," ಅಂದಳು. "ಗೊತ್ತಿದ್ದೂ ಮಾಡಿದ್ರಿ."

ನಾನು ಒಳಕೋಣೆಯ ಕಡೆ ನೋಡಿದೆ. ದ್ರೌಪದಿ ಎದ್ದು ಕೂತಿದ್ದಳು. ಅವಳು ನನ್ನನ್ನು ನೋಡಿದಳು, ನಾನು ಸಣ್ಣಗೆ ತಲೆ ಅಲ್ಲಾಡಿಸಿದೆ. ಸುಮ್ಮನಿರು ಅಂತ. ಅವಳು ಸುಮ್ಮನಿದ್ದಳು. ಆ ರಾತ್ರಿ ಸಾತಲಿಂಗ ಕೊಟ್ಟ ಗಂಜಿಯನ್ನು ಪೂರ್ತಿ ಕುಡಿದಳು ಅಂತ ಮಾರನೆಯ ದಿನ ನನಗೆ ತಿಳಿಯಿತು. ಅಷ್ಟು ಸಾಕು ಅಂದುಕೊಂಡೆ.

ಅಲ್ಲಿಂದ ಆ ಮನೆಯಲ್ಲಿ ನನ್ನ ಕೈಯ ನೀರು ಯಾರಿಗೂ ಬೇಡವಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಜಗಳದಲ್ಲಿ ನನ್ನನ್ನು ಗೆದ್ದವರಿಲ್ಲ. ಕಸ್ತೂರಬಾಯಿ ನಾನಿದ್ದ ಕೋಣೆಗೆ ಬರುವುದನ್ನು ಬಿಟ್ಟಳು. ಕೊನೆಗೆ ತಮ್ಮ ಒಂದು ಬೆಳಿಗ್ಗೆ ನನ್ನ ಎದುರು ಕೂತು, ನೆಲ ನೋಡುತ್ತ, ಅಕ್ಕಲಕೋಟೆಯಲ್ಲಿ ನಾಲ್ಕು ದಿನ ಇದ್ದು ಬಾ ಅಕ್ಕಾ, ಸ್ವಾಮಿಗಳ ದರ್ಶನವೂ ಆಗುತ್ತದೆ ಅಂದ. ನಾಲ್ಕು ದಿನಕ್ಕೆ ಯಾರೂ ಹಾಸಿಗೆ, ಟ್ರಂಕು, ಒರಳು ಕಟ್ಟಿಕೊಡುವುದಿಲ್ಲ. ಎಸ್‌ಟಿ ಬಸ್ಸಿಗೆ ಸಾತಲಿಂಗನೇ ಹತ್ತಿಸಿದ. ಪಾಪ, ಕಿಟಕಿಯ ಕಂಬಿ ಹಿಡಿದು ಬಸ್ಸಿನ ಜೊತೆ ಸ್ವಲ್ಪ ದೂರ ನಡೆದ.

ನನ್ನ ಗಂಡನ ಮನೆಯವರು ಒಂದು ಕೋಣೆ ಬಿಟ್ಟುಕೊಟ್ಟರು. ಬೆಳಿಗ್ಗೆ ಸ್ವಾಮಿಗಳ ಮಠಕ್ಕೆ ಹೋಗುವುದು, ಬಂದು ಎರಡು ರೊಟ್ಟಿ ಬಡಿಯುವುದು, ಮಧ್ಯಾಹ್ನ ಬಾಗಿಲಲ್ಲಿ ಕೂತು ಹೋಗಿಬರುವವರನ್ನು ಆಡಿಕೊಳ್ಳುವುದು. ಹೊರಗಿನವರಿಗೆ ನಾನು ಸುಖವಾಗಿಯೇ ಕಂಡೆ. ನಿಜ ಹೇಳಬೇಕೆಂದರೆ ನಾನು ಕಾಯುತ್ತಿದ್ದೆ. ನಾಗಣಸೂರಿಗೆ ಹೋಗುವ ಬಸ್ಸು ಅಕ್ಕಲಕೋಟೆಯ ಮೇಲೆಯೇ ಹೋಗುವುದು. ದ್ರೌಪದಿ ಯಾವತ್ತಾದರೂ ತವರಿಗೆ ಹೋಗುವಾಗ ಇಳಿದು ಬಂದೇ ಬರುತ್ತಾಳೆ ಅಂತ ನನಗೆ ಗೊತ್ತಿತ್ತು. ಅವಳು ಏನೂ ಹೇಳುವುದು ಬೇಡ. ನರ್ಸರಿಯಲ್ಲಿ ಹೂವಿನ ಮುಂದೆ ಬಗ್ಗಿ ಕೂತವಳು ಯಾರು ಅಂತ ಲೋಕದಲ್ಲಿ ಇಬ್ಬರಿಗೇ ಗೊತ್ತು. ಅವಳು ಬಂದು ಒಂದು ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ನನ್ನ ಒಂಟಿತನ ಹಗುರಾಗುತ್ತಿತ್ತು. ಅಷ್ಟಕ್ಕೇ ನಾನು ಅಷ್ಟು ದಿನ ಕಾದೆ.

ಬಂದಳು. ಮಾರನೆಯ ವರ್ಷ ಗಣೇಶ ಚೌತಿಗೆ ಸ್ವಲ್ಪ ಮೊದಲು. ಜೊತೆಗೆ ಅವಳ ತಂದೆ ಕಲ್ಲಣ್ಣ. ಅವನು ಬಾಗಿಲಲ್ಲೇ ನಿಂತು ಆರಾಮವೇ ಅಂತ ಕೇಳಿ, ಪೇಟೆಯಲ್ಲಿ ಹಗ್ಗ ಕೊಳ್ಳಬೇಕು, ಬಸ್ಸಿನ ಹೊತ್ತಿಗೆ ಬರುತ್ತೇನೆ ಅಂತ ಹೋದ. ದ್ರೌಪದಿಯ ಕೆನ್ನೆ ತುಂಬಿತ್ತು. ತಲೆಯಲ್ಲಿ ಹೂವಿತ್ತು. ಹೊಟ್ಟೆ ಕಾಣುತ್ತಿತ್ತು, ಐದು ತಿಂಗಳು ಇರಬಹುದು. ಈ ಸಲ ತವರಿನಲ್ಲೇ ಹೆರಿಗೆ, ಅದಕ್ಕೇ ಈಗಲೇ ಹೋಗುತ್ತಿದ್ದೇನೆ ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದೆ. ಇವಳು ಬದುಕಿದ್ದಾಳೆ, ಉಣ್ಣುತ್ತಿದ್ದಾಳೆ, ಮತ್ತೆ ತಾಯಿಯಾಗುತ್ತಿದ್ದಾಳೆ. ನಾನು ಆಡಿದ ಮಾತು ವ್ಯರ್ಥವಾಗಲಿಲ್ಲ.

ಮನೆಯ ಸುದ್ದಿ ಕೇಳಿದೆ. ಅಂಗಳದ ಗಿಡಗಳನ್ನೆಲ್ಲ ಅತ್ತೆಯವರು ಕೀಳಿಸಿ ಫರಸಿ ಕಲ್ಲು ಹಾಸಿಸಿದ್ದಾರೆ ಅಂದಳು. ಒಳ್ಳೆಯದಾಯಿತು, ಕಸ ಹೊಡೆಯಲು ಸುಲಭ ಅಂತ ನಾನು ಏನೋ ಅಂದೆ. ಅವಳು ಚಹಾದ ಬಸಿ ಕೆಳಗಿಟ್ಟು, ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದಳು. ಈಗ ಹೇಳುತ್ತಾಳೆ ಅಂದುಕೊಂಡೆ.

"ಆತ್ಯಾ, ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ."

"ಕೇಳವಾ."

"ಅವತ್ತ ನರ್ಸರ್ಯಾಗ ನಾ ಗುಲಾಬಿ ಗಿಡದ ಮುಂದ ನಿಂತಿದ್ದೆ. ಬೇಕು ಅಂದೆ. ನೀವು ನನ್ನ ಕೈ ಹಿಡಿದು ಎಳಕೊಂಡು ಹೋದ್ರಿ. ಯಾಕ ಹಂಗ ಮಾಡಿದ್ರಿ?"

ಮೊದಲು ನನಗೆ ಅವಳೇನು ಹೇಳುತ್ತಿದ್ದಾಳೆ ಅಂತಲೇ ತಿಳಿಯಲಿಲ್ಲ. ಹೊರಗೆ ಯಾರದಾದರೂ ಕಿವಿಗೆ ಬೀಳಲಿ ಅಂತ ಆಡುತ್ತಿದ್ದಾಳೆಯೇ ಅಂತ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಅವಳ ಮುಖ ನೋಡಿದೆ. ನಟನೆ ಇರಲಿಲ್ಲ, ಗುಟ್ಟಿನ ಗುರುತೂ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಅದು ನಿಜವಾದ ನೀರು. ನಾನು ಹೋದ ಮೇಲೆ ಆ ಮನೆಯಲ್ಲಿ ದಿನಾ ಅದೇ ಮಾತು ನಡೆದಿರಬೇಕು. ಆತ್ಯಾ ಆರಿಸಿದಳು, ಆತ್ಯಾ ಬೇಡ ಅಂದಳು, ಪಾಪ ಇವಳಿಗೆ ಏನೂ ಗೊತ್ತಿರಲಿಲ್ಲ. ಬೆಳಗೂ ಬೈಗೂ ಕೇಳಿ ಕೇಳಿ, ನಾನು ಹೇಳಿದ ಸುಳ್ಳು ಅವಳ ಕಣ್ಣಾರೆ ಕಂಡದ್ದಾಗಿತ್ತು. ಕೈ ಹಿಡಿದು ಎಳೆದದ್ದನ್ನು ನಾನು ಹೇಳಿರಲಿಲ್ಲ. ಅದನ್ನು ಅವಳೇ ಸೇರಿಸಿಕೊಂಡಿದ್ದಳು.

ಒಂದು ಮಾತು ಸಾಕಾಗಿತ್ತು. ಗುಲಾಬಿಯ ಕೊಂಬೆಯ ಮೇಲೆ ಬೆರಳು ಎಳೆದವಳು ನೀನು, ಎಲೆ ಮುರಿದು ಮಣಿಕಟ್ಟಿಗೆ ಹಚ್ಚಿಕೊಂಡವಳು ನೀನು. ನಾನು ದೇವರಲ್ಲ, ಸಿಟ್ಟು ಬಂತು. ತಮ್ಮನ ಮನೆ ಬಿಟ್ಟು ಈ ಕೋಣೆಯಲ್ಲಿ ಕೂತದ್ದು ಯಾರಿಗೋಸ್ಕರ. ಮಾತು ಗಂಟಲವರೆಗೂ ಬಂತು. ಆದರೆ ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. ನಾಳೆ ನಾಗಣಸೂರಿನಲ್ಲಿ ಇವಳ ಮಗ್ಗುಲಲ್ಲಿ ನಾನಿರುವುದಿಲ್ಲ, ಅಲ್ಲಿಯ ಬಾವಿಗೆ ತಗಡು ಇಲ್ಲ.

"ನನಗ ತಿಳೀಲಿಲ್ಲವಾ," ಅಂದೆ. "ತಪ್ಪಾತು."

ಅವಳು ಅತ್ತಳು. ಅತ್ತು ಹಗುರಾದಳು, ಅದು ನನಗೆ ಕಂಡಿತು. ನನ್ನ ಮೇಲೆ ಸಿಟ್ಟಿಲ್ಲ ಅಂದಳು. ಮಾಯೆಯಿಂದ, ಅಂದರೆ ಅಕ್ಕರೆಯಿಂದಲೇ ಮಾಡಿದ್ದು, ಬೇಕಂತ ಯಾರು ಮಾಡುತ್ತಾರೆ, ಅತ್ತೆಯವರಿಗೂ ತಾನು ಹಾಗೇ ಹೇಳಿದ್ದೇನೆ ಅಂದಳು. ನಾನು ಅವಳ ಬೆನ್ನು ಸವರಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. ಬಂದ ಕೆಲಸ ಅದಲ್ಲ, ಇನ್ನೂ ಇತ್ತು.

"ಈ ಸಲ ಹೆರಿಗಿ ಆಗೂತನಕ ನೀವು ನಾಗಣಸೂರಕ ಬರಬ್ಯಾಡ್ರಿ, ಆತ್ಯಾ. ಏನೂ ಕಳಿಸಬ್ಯಾಡ್ರಿ." ಅಂದು ತಡೆದಳು. "ನಿಮಗ ಮಾಯಾ ಭಾಳ. ಇಲ್ಲಿ ಒಬ್ಬರ ಕೂತು ಕೂಸಿನ ವಿಚಾರ ಮಾಡತಿರತೀರಿ. ಅದೂ ಬ್ಯಾಡ್ರಿ."

"ಮಾಡೂದಿಲ್ಲ," ಅಂದೆ.

ಕಲ್ಲಣ್ಣ ಹೊಸ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. ಬಸ್ಸಿಗೆ ಹೊತ್ತಾಗಿತ್ತು. ದ್ರೌಪದಿ ಬಗ್ಗಿ ನನ್ನ ಕಾಲು ಮುಟ್ಟಿದಳು, ಏಳುವಾಗ ಸೆರಗನ್ನು ಅಗಲ ಮಾಡಿ ಹೊಟ್ಟೆಯ ಮೇಲೆ ಎಳೆದುಕೊಂಡು ಕೈಯಿಂದ ಒತ್ತಿ ಹಿಡಿದಳು. ನನ್ನ ಕಣ್ಣು ಅಲ್ಲಿಗೆ ಬೀಳಬಾರದು ಅಂತ. ಅವಳು ಹೊಸ್ತಿಲು ದಾಟುವವರೆಗೆ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ.